ಭರಮವ್ವನ ಕಾಲುಬಾವು

ಭರಮವ್ವ ಮೂರನೆಯ ಸಲ ಬಂದು ಅದೇ ಹಾಡು ಹಾಡಿದಾಗ ಡಾಕ್ಟರ್ ಬಿಂದುಮಾಧವರ ತಾಳ್ಮೆ ಹರಿದುಹೋಯಿತು.

“ಕಾಲು ಬಾತಾವ್ರಿ ಸಾಹೇಬ್ರ. ತಲಿ ಸಿಡ್ಯಾಕತ್ತೈತಿ. ಕಣ್ಣ ಮುಂದ ಮಂಜ ಕವದಂಗ ಆಗತೈತ್ರಿ.”

ಡಾಕ್ಟರು ಬಗ್ಗಿ ಅವಳ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕುರಿಗಳ ಹಿಂದೆ ಅಲೆದು ಅಲೆದು ಒಣಗಿದ ಕಾಲು. ಬಾವೂ ಇಲ್ಲ, ಗೀವೂ ಇಲ್ಲ.

“ಎಲ್ಲೆ ಬಾತಾವ ಯವ್ವಾ? ಒಣಾ ಕಟಗಿ ಇದ್ದಂಗ ಅವ.”

“ಸಂಜೀಮುಂದ ಬರತೈತ್ರಿ ಬಾವು.”

“ಹೋದ ಸಲ ಸಂಜೀಮುಂದನ ಬಂದಿದ್ದಿ. ಆವಾಗ ಮುಂಜಾನೆ ಬರತೈತಿ ಅಂದಿ.”

ಭರಮವ್ವ ಸೆರಗು ಎಳೆದುಕೊಂಡು ನೆಲ ನೋಡುತ್ತ ನಿಂತಳು. ಔಷಧ ಕೊಡುವವರೆಗೆ ಈ ಹೆಂಗಸು ಇಲ್ಲಿಂದ ಅಲುಗುವುದಿಲ್ಲ ಎಂದು ಡಾಕ್ಟರಿಗೆ ಗೊತ್ತಿತ್ತು. ಉಸ್ಸೆಂದು ಒಂದು ಶೀಶೆ ತುಂಬಿಸಿ ಕೊಟ್ಟರು. ಅವಳು ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟಳು.

“ಹಾಡಿದ್ದೇ ಹಾಡೋ ಕಿಸಬಾಯಿ ದಾಸ,” ಎಂದು ಗೊಣಗಿದ ಡಾಕ್ಟರು ಮೂಲೆಯ ಚಾಪೆಯ ಕಡೆ ತಿರುಗಿದರು. “ಏನಂತೀರಿ ಕುಂದಾಬಾಯಿ? ಈಕಿಗೆ ಜಡ್ಡು ಅದನೋ, ಇಲ್ಲಾ ಸೊಸಿ ಮ್ಯಾಲಿನ ಸಿಟ್ಟೋ?”

ಈ ಕುಂದಾಬಾಯಿ ಯಾರು ಎಂದು ನೀವು ಕೇಳುವ ಮೊದಲು ಖಾನಾಪುರದ ಪೇಟೆಯೇ ಕೇಳಿ ಕೇಳಿ ದಣಿದಿತ್ತು. ಬೆಳಗಾವಿಯ ದೇಶಪಾಂಡೆ ಮನೆತನದ ಹೆಣ್ಣುಮಗಳು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಅಣ್ಣನ ಮನೆಯಲ್ಲಿ ಹಪ್ಪಳ ಒಣಗಿಸುತ್ತ ಮುದುಕಿಯಾಗುವ ಬದಲು ಪುಣೆಗೆ ಹೋಗಿ ಹೆಂಗಸರ ಸಂಸ್ಥೆಯೊಂದರಲ್ಲಿ ರೋಗಿಗಳ ಆರೈಕೆ, ಮನೆಮನೆ ನೋಡುವ ಕೆಲಸ ಕಲಿತಿದ್ದಳು. ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸೇವಿಕೆಯರ ತಂಡದಲ್ಲಿ ಓಡಾಡುತ್ತಿದ್ದ ಅವಳನ್ನು ಕಂಡ ಬಿಂದುಮಾಧವರು ಅಲ್ಲಿಯೇ ಕೇಳಿದ್ದರು: “ಔಷಧ ನಾ ಕೊಡಬಲ್ಲೆ ಬಾಯಿ. ಆದರ ರೋಗ ಇರೂದು ಅಡಗಿಮನಿಯೊಳಗ. ಗಂಡಸು ನಾನು, ಅಲ್ಲಿ ಹೊಸ್ತಿಲ ದಾಟಲಿಕ್ಕೆ ಬರೂದಿಲ್ಲ. ನೀವು ಬರ್ತೀರೇನು?”

ಅವಳು ಬಂದಳು. ರೋಗಿಗಳ ಮನೆಗೆ ಹೋಗುವುದು, ಯಾವ ನೀರು ಕುಡಿಯುತ್ತಾರೆ, ಕೊಟ್ಟ ಔಷಧ ಯಾರ ಹೊಟ್ಟೆಗೆ ಹೋಗುತ್ತಿದೆ ಎಂದು ನೋಡುವುದು, ಬಂದು ಡಾಕ್ಟರಿಗೆ ಹೇಳುವುದು. ಪೇಟೆಯ ಜನ ಮೊದಮೊದಲು ‘ಡಾಕ್ಟರ ಗೂಢಚಾರಿ’ ಎಂದು ನಕ್ಕರು. ಆಮೇಲೆ ಅವರೇ ಹೆಣ್ಣುಮಕ್ಕಳಿಗೆ ಹೆರಿಗೆ ಬ್ಯಾನಿ ಎದ್ದಾಗ ಅವಳನ್ನು ಕರೆಯತೊಡಗಿದರು. ಜನರ ಬಾಯಿಯೇ ಹಾಗೆ, ಉಗುಳಿದ್ದನ್ನು ನೆಕ್ಕುವುದಕ್ಕೆ ನಾಚುವುದಿಲ್ಲ.

“ಸೊಸಿ ಇಲ್ಲ ಆಕೀಗೆ,” ಎಂದಳು ಕುಂದಾ. “ಮಗಳೊಬ್ಬಾಕಿ ಇದ್ದಾಳಂತ, ಕೊಟ್ಟ ಮನಿಯೊಳಗ. ಡಾಕ್ಟರ್ರ, ಸುಳ್ಳು ಹೇಳೋರು ದಿನಕ್ಕೊಂದು ಜಡ್ಡು ಹೇಳ್ತಾರ. ಈಕಿ ಮೂರು ಸಲನೂ ಅದನ್ನ ಹೇಳಿದಳು. ನಾ ನಾಳೆ ಪಾರಿಶ್ವಾಡಕ್ಕ ಹೋಗಿ ಬರ್ತೀನಿ.”

ಮರುದಿನ ದುಂಡಪ್ಪನ ಟಾಂಗಾದಲ್ಲಿ ಹೊರಟು ಪಾರಿಶ್ವಾಡ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಕುರುಬರ ಓಣಿಯ ಕೊನೆಯ ಮನೆ. ಅಂಗಳದಲ್ಲಿ ಉಣ್ಣೆ ಹಿಂಜುತ್ತ ಒಬ್ಬ ತರುಣಿ ಬೆನ್ನು ಹಾಕಿ ಕೂತಿದ್ದಳು. ಟಾಂಗಾದ ಸದ್ದಿಗೆ ತಿರುಗಿದಳು, ಗಾಬರಿಯಿಂದ ಏಳಹೋಗಿ ಗೋಡೆ ಹಿಡಿದುಕೊಂಡಳು.

ಆ ಹುಡುಗಿಯ ಮುಖ ಹೊಸ ಗಡಿಗೆಯ ಹಾಗೆ ಊದಿತ್ತು, ಕಣ್ಣು ಸಣ್ಣ ಗೆರೆಯಾಗಿದ್ದವು. ಕಾಲುಂಗುರಗಳು ಬೆರಳ ಮಾಂಸದೊಳಗೆ ಹೂತುಹೋಗಿದ್ದವು. ಮೈತುಂಬ ಹೊದ್ದ ಕಂಬಳಿಯ ಕೆಳಗೆ ತುಂಬಿದ ಬಸಿರು. ಭರಮವ್ವನ ಕಾಲುಬಾವು, ಭರಮವ್ವನ ತಲೆನೋವು, ಭರಮವ್ವನ ಕಣ್ಣಮಂಜು ಎಲ್ಲ ಇಲ್ಲಿ ಕೂತಿದ್ದವು.

“ಕಣ್ಣು ಮಬ್ಬ ಕಾಣ್ತಾವೇನವ್ವಾ?” ಎಂದು ಕೇಳಿದಳು ಕುಂದಾ.

ಹುಡುಗಿ ಹೂಂ ಎನ್ನುವಷ್ಟರಲ್ಲಿ ಭರಮವ್ವ ಒಳಗಿಂದ ಓಡಿಬಂದಳು. ಕುಂದಾಳ ರಟ್ಟೆ ಹಿಡಿದು ದರದರನೆ ಹಿತ್ತಲಿಗೆ ಎಳೆದುಕೊಂಡು ಹೋದಳು.

“ಕೇಳಬ್ಯಾಡ್ರಿ ಬಾಯಾರ! ಆಕೀಗೆ ಏನೂ ಕೇಳಬ್ಯಾಡ್ರಿ!”

“ಇದೇನ ಭರಮವ್ವಾ? ಜಡ್ಡು ಮಗಳದು, ನೀ ನಂದಂತ ಹೇಳಕೋತ ತಿರಗತೀಯಲ್ಲ!”

ಭರಮವ್ವ ಸುತ್ತ ನೋಡಿದಳು. ಹಿತ್ತಲಿನಲ್ಲಿ ಒಂದು ಕೋಳಿ ಬಿಟ್ಟರೆ ಯಾರಿರಲಿಲ್ಲ, ಆದರೂ ದನಿ ತಗ್ಗಿಸಿದಳು. “ನನ್ನ ಸತ್ಯವ್ವ ಎರಡ ಹಡದು ಎರಡೂ ಮಣ್ಣಿಗೆ ಕೊಟ್ಟಾಳ್ರಿ. ಆಗ ಊರ ತುಂಬ ಹೇಳಿಕೊಂಡಿದ್ವಿ, ಹಸರ ಕುಬಸ ತೊಡಿಸಿ ಸೀಮಂತ ಮಾಡಿದ್ವಿ, ಓಣಿಗೆಲ್ಲ ಉಣಿಸಿದ್ವಿ. ಕೇಳಿಸ್ಕೊಂತು ಅದು, ಹೆಸರ ಹೇಳಬಾರದ್ದು. ಎರಡೂ ಕೂಸು ಒಯ್ತು. ಈ ಸಲ ಬಸರ ಅನ್ನೂ ಮಾತ ಈ ಮನ್ಯಾಗ ಯಾರೂ ಬಾಯಿಲೆ ಆಡಿಲ್ಲ. ಎಂಟ ತಿಂಗಳಾತು, ಕುಬಸ ಮಾಡಿಲ್ಲ, ಸದ್ದಿಲ್ದ ತವರಿಗೆ ಕರಕೊಂಡ ಬಂದೀವಿ. ಸತ್ಯವ್ವಗ ಜಡ್ಡು ಅಂದ್ರ ಅದು ಸತ್ಯವ್ವನ್ನ ಹುಡಿಕ್ಕೊಂಡ ಬರತೈತಿ. ನನಗ ಅಂದ್ರ ನನ್ನ ಹುಡಿಕ್ಕೊಂಡ ಬರ್ಲಿ. ಬಂದ್ರ ಒಯ್ಯಲಿ. ನಂದೇನ ಉಳದೈತಿ?”

ಕುಂದಾಳಿಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಮರುಕವೂ ಬಂತು. ಈ ಹೆಂಗಸು ನಾಲ್ಕು ಹರದಾರಿ ನಡೆದುಬಂದು ಡಾಕ್ಟರಿಂದ ಬೈಸಿಕೊಂಡದ್ದು, ಮಗಳ ನೋವನ್ನೆಲ್ಲ ಗಂಟು ಕಟ್ಟಿ ತನ್ನ ತಲೆಯ ಮೇಲೆ ಹೊತ್ತು ತಿರುಗಿದ್ದು ಹುಚ್ಚುತನವೆಂದು ಹೇಳುವುದಾದರೂ ಹೇಗೆ!

“ಡಾಕ್ಟರಿಗೆ ಒಬ್ಬರಿಗೆ ಹೇಳ್ತೀನಿ ಭರಮವ್ವಾ. ಬಸುರ್ಯಾಗ ಈ ಬಾವು ಚಲೋ ಅಲ್ಲ.”

“ಯಾರಿಗೂ ಬ್ಯಾಡ್ರಿ!” ಭರಮವ್ವ ಸೊಂಟದ ಚೀಲ ಬಿಚ್ಚಿ ಬೀರದೇವರ ಭಂಡಾರವನ್ನು, ಆ ಅರಿಶಿನದ ಪುಡಿಯನ್ನು, ಹಿಡಿ ತುಂಬ ತೆಗೆದು ಕುಂದಾಳ ಅಂಗೈಗೆ ಹಾಕಿ ಮುಚ್ಚಿದಳು. “ಯಾರ ಮುಂದೂ ಬಾಯಿ ಬಿಡೂದಿಲ್ಲ ಅನ್ರಿ. ಅನ್ನದಿದ್ರ ಈಗಿಂದೀಗ ಮಗಳನ್ನ ಅಡವ್ಯಾಗಿನ ಕುರಿಹಟ್ಟಿಗೆ ಕಳಸ್ತೀನಿ. ಅಲ್ಲಿ ನಿಮ್ಮ ಟಾಂಗಾನೂ ಬರಂಗಿಲ್ಲ, ಡಾಕ್ಟರೂ ಬರಂಗಿಲ್ಲ.”

ಬಾಗಿಲಲ್ಲಿ ಭರಮವ್ವನ ಗಂಡ ಹಣಮಪ್ಪ ಬಂದು ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಹೆಂಡತಿ ಹೂಂ ಅಂದರೆ ಈಗಲೇ ಬಂಡಿ ಹೂಡುವವನ ಹಾಗೆ ನಿಂತಿದ್ದ.

“ಹೇಳೂದಿಲ್ಲ,” ಎಂದಳು ಕುಂದಾ.

ನಿಜವಾಗಿಯೂ ಹೇಳಬಾರದೆಂದು ಅಂದಳೋ, ಬಾಗಿಲು ಮುಚ್ಚದಿರಲಿ ಎಂದು ಅಂದಳೋ, ಆ ಹೊತ್ತಿಗೆ ಅವಳಿಗೇ ತಿಳಿದಿರಲಿಲ್ಲ. ಹುಡುಗಿಗೆ ಉಪ್ಪು ಕೊಡಬೇಡ, ಮಲಗಿಸು ಎಂದಷ್ಟೇ ಹೇಳಿ ಟಾಂಗಾ ಹತ್ತಿದಳು. ದಾರಿಯುದ್ದಕ್ಕೂ ಅತ್ತ ದರಿ, ಇತ್ತ ಪುಲಿ. ಹೇಳಿದರೆ ದೇವರ ಮೇಲೆ ಇಟ್ಟ ಆಣೆ ತಪ್ಪಿದವಳು. ಸುಡಲಿ, ಆಣೆಯ ಮಾತು ಹಾಗಿರಲಿ, ಮನೆಯವರು ನಂಬಿ ಹೇಳಿದ ಮಾತನ್ನು ಪೇಟೆಗೆ ತಂದವಳು ಅನ್ನಿಸಿಕೊಂಡರೆ ನಾಳೆ ಯಾವ ಮನೆಯ ಅಡಿಗೆಮನೆಗೆ ಅವಳನ್ನು ಬಿಟ್ಟುಕೊಂಡಾರು? ಹೇಳದಿದ್ದರೆ ಆ ಊದಿದ ಮುಖ ಕಣ್ಣಿಂದ ಹೋಗಲೊಲ್ಲದು. ಮಲಪ್ರಭೆಯ ದಂಡೆಯಲ್ಲಿ ಕುದುರೆಗೆ ನೀರು ಕುಡಿಸಲು ದುಂಡಪ್ಪ ನಿಲ್ಲಿಸಿದಾಗ ಕುಂದಾ ಇಳಿದು ಕೈ ತೊಳೆದಳು. ಹಳದಿ ಪೂರ್ತಿ ಹೋಗಲಿಲ್ಲ.

ದವಾಖಾನೆ ಮುಚ್ಚುವ ಹೊತ್ತಿಗೆ ಬಂದವಳು ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಿದ ಮೇಲೆ ಚಾಪೆಯ ಮೇಲೆ ಕೂತಳು.

ಬೀಗ ಹಾಕಹೊರಟಿದ್ದ ಡಾಕ್ಟರು ಕೀಲಿಯನ್ನು ಮೇಜಿನ ಮೇಲೆ ಇಟ್ಟರು. “ಎತ್ತಿಗೆ ಜ್ವರ ಬಂದರ ಎಮ್ಮಿಗೆ ಬರೆ ಎಳದಂಗಾತಲ್ರೀ ನಂದು! ಮೂರು ಸಲ ಬಂದು ಹೇಳ್ಯಾಳ. ಮೂರೂ ಸಲ ನಾ ಆ ಮುದುಕಿ ಕಾಲು ಒತ್ತಕೋತ ಕೂತೆ.”

“ಅಷ್ಟು ಕೆಟ್ಟದ್ದೇನು?”

“ಬಸುರಿಗೆ ಬಾವು, ತಲಿನೋವು, ಕಣ್ಣಿಗೆ ಮಂಜು. ಮೂತ್ರಪಿಂಡ ಸೋಲಲಿಕ್ಕೆ ಹತ್ಯಾವ. ಇನ್ನ ಮುಂದಿಂದು ಸೆಟೆತ. ಇವತ್ತೋ, ನಾಳೆಯೋ ಮೈ ಸೆಟೆದು ಬಿತ್ತು ಅಂದರ ತಾಯಿನೂ ಹೋಗತಾಳ, ಕೂಸೂ ಹೋಗತದ. ಬೆಳಗಾವಿಗೆ ಒಯ್ಯಬೇಕು. ದಂಡಿನ ಕ್ಯಾಂಪಿನ ಬಾಜು ಹೆಂಗಸರ ದವಾಖಾನಿ ಅದ, ಅಲ್ಲಿ ಲೇಡಿ ಡಾಕ್ಟರ್ ಇದ್ದಾರ. ನಾ ಹೋಗಿ ಆ ಹಣಮಪ್ಪಗ ಸ್ವಚ್ಛ ಹೇಳ್ತೀನಿ.”

“ಸ್ವಚ್ಛ ಹೇಳಿದರ ನಾಳೆ ಮಧ್ಯಾಹ್ನಕ್ಕ ಆ ಹುಡುಗಿ ಕುರಿಹಟ್ಟಿಯೊಳಗ ಇರ್ತಾಳ,” ಎಂದಳು ಕುಂದಾ. “ಜಡ್ಡು ಭರಮವ್ವಂದು ಅಂತ ಅವರು ಹೇಳ್ಯಾರ. ಭರಮವ್ವಂದನ ಇರಲಿ. ನೀವು ಭರಮವ್ವಗನ ಔಷಧ ಕೊಡ್ರಿ, ಭರಮವ್ವನ್ನನ ಬೆಳಗಾವಿಗೆ ಕರೀರಿ. ಜೋಡಿಗೆ ಮಗಳು ಬರ್ಲಿ.”

“ನಾ ಡಾಕ್ಟರಿದ್ದೀನೋ, ನಾಟಕ ಕಂಪನಿಯೊಳಗ ಇದ್ದೀನೋ?”

“ಆಕೀ ಜೀವ ಉಳಿಯೂತನಕಾ ಎರಡೂ ಆಗ್ರಿ.”

ಬಿಂದುಮಾಧವರು ಜೀವಮಾನದಲ್ಲಿ ಯಾರ ಮಾತನ್ನೂ ಒಂದೇ ಸಲಕ್ಕೆ ಒಪ್ಪಿದವರಲ್ಲ. ಆ ದಿನ ಒಪ್ಪಿದರು.

ಬೆಳಕು ಹರಿಯುತ್ತಲೇ ಹೊರಟು ಇಬ್ಬರೂ ಪಾರಿಶ್ವಾಡ ತಲುಪಿದಾಗ ಹಣಮಪ್ಪ ಹೊಸ್ತಿಲಿಗೆ ಅಡ್ಡ ಕೂತಿದ್ದ. “ಯಾರನ್ನ ನೋಡಾಕ ಬಂದೀರಿ?” ಎಂದ. ಬರ್ರಿ, ಕುಂದರ್ರಿ ಎನ್ನುವ ಮಾತೇ ಇಲ್ಲ.

“ನಿನ್ನ ಹೇಣ್ತೀನ,” ಎಂದರು ಡಾಕ್ಟರು. “ಭರಮವ್ವನ ಕಾಲುಬಾವು ನಾ ಸಣ್ಣದಂತ ತಿಳಿದಿದ್ದೆ. ರಾತ್ರಿ ಪುಸ್ತಕ ತಗದು ನೋಡಿದೆ. ಸಣ್ಣದಲ್ಲ.”

ಒಳಗಿಂದ ಭರಮವ್ವ ಬಂದು ಕುಂದಾಳ ಮುಖವನ್ನು ನೆಟ್ಟ ದೃಷ್ಟಿಯಿಂದ ನೋಡಿದಳು. “ನೀವೇನರ ಅಂದ್ರೇನ ಬಾಯಾರ?”

“ಇಲ್ಲ,” ಎಂದಳು ಕುಂದಾ. ನಾಲಿಗೆ ತಡವರಿಸಲಿಲ್ಲ, ಅದೇ ಅವಳಿಗೆ ಹೇಸಿಗೆಯೆನಿಸಿತು.

ಭರಮವ್ವ ನಂಬಿದಳು. ಹಣಮಪ್ಪ ಹೊಸ್ತಿಲು ಬಿಟ್ಟು ಎದ್ದ. ಆಮೇಲೆ ನಡೆದದ್ದನ್ನು ಹೊರಗಿನವರು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಡಾಕ್ಟರು ಕೂತದ್ದು ಸತ್ಯವ್ವನ ಹಾಸಿಗೆಯ ಹತ್ತಿರ, ಒತ್ತಿದ್ದು ಸತ್ಯವ್ವನ ಕಾಲು, ಮಾತಾಡಿದ್ದು ಗೋಡೆಗೆ ಒರಗಿ ನಿಂತ ಭರಮವ್ವನ ಜೊತೆ. ಒತ್ತಿದ ಬೆರಳು ತೆಗೆದರೆ ಅಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು.

“ರಾತ್ರಿ ತಲಿನೋವು ಹೆಚ್ಚಾಗಿತ್ತೇನು ಭರಮವ್ವಾ?”

ಭರಮವ್ವ ಮಗಳ ಕಡೆ ನೋಡಿದಳು. ಮಗಳು ಕಣ್ಣು ಮುಚ್ಚಿ ತೆರೆದಳು. “ಹೆಚ್ಚಾಗಿತ್ರಿ. ಕೂಗ್ಯಾಡಿದೆ.”

“ಹೊಟ್ಟಿ ಮ್ಯಾಲಿನ ಭಾಗ, ಎದಿಗುಂಡಿಗಿ ಕೆಳಗ ನೋಯ್ತದೇನು?”

ಮತ್ತೆ ಮಗಳ ಕಡೆ ನೋಟ. “ನಿನ್ನಿಂದ ನೋಯಾಕತ್ತೈತ್ರಿ.”

ಕುಂದಾ ಹಿತ್ತಲಿಗೆ ಹೋಗಿ ‘ಭರಮವ್ವನ’ ಮೂತ್ರವನ್ನು ಸತ್ಯವ್ವನಿಂದ ತಂದುಕೊಟ್ಟಳು. ಡಾಕ್ಟರು ಗಾಜಿನ ನಳಿಗೆಯಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದರು. ಅದು ಕುದಿಯುತ್ತಿದ್ದಂತೆ ಬೆಂದ ತತ್ತಿಯ ಬಿಳಿಯಂತೆ ಗಟ್ಟಿಯಾಯಿತು. ಡಾಕ್ಟರು ಲಗುಬಗೆಯಿಂದ ದೀಪ ಆರಿಸಿದರು.

“ಭರಮವ್ವಾ, ಈಗಿಂದೀಗ ಬೆಳಗಾವಿಗೆ ಹೋಗೂಣು. ನಿನ್ನ ಜೋಡಿ ಮಗಳು ಬೇಕು, ಆಕಿನ್ನ ಬಿಟ್ಟು ನಾ ನಿನ್ನ ಒಯ್ಯೂದಿಲ್ಲ.”

ಭರಮವ್ವನಿಗೆ ಎಲ್ಲ ತಿಳಿಯಿತು. ಕಾಲು ಒತ್ತಿ ನೋಡಿಯೇ ಡಾಕ್ಟರಿಗೆ ಗೊತ್ತಾಗಿದೆ, ಪುಣ್ಯಾತ್ಮ ಬಾಯಿಬಿಟ್ಟು ಆಡುತ್ತಿಲ್ಲ ಎಂಬುದೂ ತಿಳಿಯಿತು. ಅವಳು ಕೈಮುಗಿದಳು. “ನಾನ ಜಡ್ಡಿನಾಕಿ ಅಂದಮ್ಯಾಲ ಮಲಕ್ಕೊಂಡನ ಬರ್ತೀನ್ರಿ,” ಎಂದು ಹೇಳಿ ಕಂಬಳಿ ಹೊದ್ದು ಹಣಮಪ್ಪ ಹೂಡಿದ ಬಂಡಿಯಲ್ಲಿ ಉದ್ದಕ್ಕೆ ಮಲಗಿದಳು. ಏನು ಮಾಡಿದರೂ ಏಳಲಿಲ್ಲ. ಮಗಳನ್ನು ಪಕ್ಕದಲ್ಲಿ ಒರಗಿಸುವುದಷ್ಟೇ ಕುಂದಾಳಿಂದ ಸಾಧ್ಯವಾಯಿತು.

ಖಾನಾಪುರ ಸ್ಟೇಶನ್ನಿನಲ್ಲೂ ಅದೇ, ರೈಲಿನಲ್ಲೂ ಅದೇ. ಮೂರನೆಯ ತರಗತಿಯ ಹಲಗೆಯ ಮೇಲೆ ಗಟ್ಟಿಮುಟ್ಟಾದ ಭರಮವ್ವ ನರಳುತ್ತ ಮಲಗಿದ್ದಾಳೆ, ಹಣಮಪ್ಪ ಅವಳ ಕಾಲ ಹತ್ತಿರ ಮುದುಡಿ ಕೂತಿದ್ದಾನೆ. ಸಾವಿನ ಬಾಗಿಲಿನಲ್ಲಿದ್ದ ಸತ್ಯವ್ವ ಕಿಟಕಿಗೆ ತಲೆ ಆನಿಸಿ ಕೂತಿದ್ದಾಳೆ. ಎದುರಿನ ಮುದುಕಿಯೊಬ್ಬಳು ಮರಾಠಿಯಲ್ಲಿ, ತಾಯಿಗೆ ಏನಾಗಿದೆ ಮಗಾ, ಎಂದು ಕೇಳಿದಳು. “ಕಾಲು ಬಾತಾವ್ರಿ,” ಎಂದಳು ಸತ್ಯವ್ವ. ಅವಳ ತುಟಿ ಒಣಗಿ ಮಾತು ಅಂಟುತ್ತಿತ್ತು. ಕುಂದಾ ಅವಳ ಕೈ ಹಿಡಿದುಕೊಂಡೇ ಕೂತಳು. ಆ ಬೆರಳುಗಳು ಆಗಾಗ ತಾವೇ ಜಗ್ಗುತ್ತಿದ್ದವು. ಪ್ರತಿ ಸಲ ಜಗ್ಗಿದಾಗಲೂ ಕುಂದಾ ಹಿಡಿತ ಬಿಗಿ ಮಾಡುತ್ತಿದ್ದಳು. ಡಾಕ್ಟರು ಎದುರಿಗೆ ಕೂತು ಆ ಬೆರಳುಗಳನ್ನೇ ನೋಡುತ್ತಿದ್ದರು.

ಬೆಳಗಾವಿಯ ಹೆಂಗಸರ ದವಾಖಾನೆಯ ಪಡಸಾಲೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಲೇಡಿ ಡಾಕ್ಟರು ಒಳಗೆ ಇನ್ನೊಂದು ಹೆರಿಗೆಯಲ್ಲಿದ್ದರು. “ನಾ ಹೇಳಿ ಬರ್ತೀನಿ, ಆಕಿನ್ನ ಬಿಟ್ಟು ಅಲುಗಬ್ಯಾಡ್ರಿ,” ಎಂದು ಬಿಂದುಮಾಧವರು ಓಡಿದರು. ಅಷ್ಟರಲ್ಲಿ ಆಯಾಗಳಿಬ್ಬರು ಸ್ಟ್ರೆಚರ್ ತಂದರು. ಯಾರು ನರಳುತ್ತಿದ್ದರೋ, ಯಾರು ಕಂಬಳಿಯಲ್ಲಿ ಮಲಗಿದ್ದರೋ ಅವರನ್ನೇ ಅವರು ಎತ್ತಿಕೊಂಡರು. ಅದು ಅವರ ತಪ್ಪಲ್ಲ. “ಆಕಿನ್ನಲ್ರೀ, ಈಕಿನ್ನ!” ಎಂದು ಕುಂದಾ ಕೂಗಿದಳು. “ಕೂಡಿ ಬಂದವರು ಇಲ್ಲೇ ಕೂಡ್ರಬೇಕು ಬಾಯಿ,” ಎಂದು ಹೇಳಿ ಅವರು ಭರಮವ್ವನನ್ನು ಹೊತ್ತು ಬಾಗಿಲು ದಾಟಿದರು.

“ಬಾಯಾರ,” ಎಂದಳು ಸತ್ಯವ್ವ. “ದೀಪ ಯಾಕ ಆರಿಸಿದ್ರಿ?”

ದೀಪ ಉರಿಯುತ್ತಿತ್ತು. ಕುಂದಾ ಅವಳನ್ನು ತಬ್ಬಿ ಹಿಡಿಯುವುದರೊಳಗೆ ಹುಡುಗಿಯ ಕುತ್ತಿಗೆ ಒಂದು ಕಡೆ ತಿರುಗಿತು, ದವಡೆ ಕಚ್ಚಿತು, ಮೈಯೆಲ್ಲ ಬಿಲ್ಲಿನಂತೆ ಸೆಟೆದು ನೆಲಕ್ಕೆ ಅಪ್ಪಳಿಸಿತು. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಪಡಸಾಲೆಯಲ್ಲಿದ್ದವರೆಲ್ಲ ಸುತ್ತುಗಟ್ಟಿದರು. “ಮೂರ್ಛೆರೋಗ, ಕೈಯಾಗ ಕೀಲಿ ಕೊಡ್ರಿ!” ಎಂದ ಒಬ್ಬ. “ಚಪ್ಪಲಿ ವಾಸನಿ ತೋರಸ್ರಿ!” ಎಂದಳು ಇನ್ನೊಬ್ಬಳು. “ಗಾಳಿ ಬಡದೈತಿ, ಮುಟ್ಟಬ್ಯಾಡ್ರಿ!” ಎಂದು ಮತ್ತೊಬ್ಬಳು ಕುಂದಾಳನ್ನೇ ಹಿಂದಕ್ಕೆ ಎಳೆದಳು. ಕುಂದಾಳ ಕೂಗು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಗ ಒಳಬಾಗಿಲು ಧಡಾರನೆ ತೆರೆಯಿತು. ಭರಮವ್ವ ಸ್ಟ್ರೆಚರಿನಿಂದ ಹಾರಿ ಓಡಿಬರುತ್ತಿದ್ದಳು.

“ನನಗೇನೂ ಆಗಿಲ್ರೋ!” ಎಂದು ಅರಚಿದಳು. ಆ ದನಿಗೆ ಇಡೀ ಪಡಸಾಲೆ ಸ್ತಬ್ಧವಾಯಿತು. “ಜಡ್ಡು ನಂದಲ್ಲ! ನನ್ನ ಮಗಳದು! ಬಸರಿ ಅದಾಳ ನನ್ನ ಸತ್ಯವ್ವ, ಎಂಟ ತಿಂಗಳ ಬಸರಿ! ಕೇಳಸ್ತೇನ ಎಲ್ಲಾರಿಗೂ? ಬಸರಿ! ಉಳಸ್ರೀ ಆಕಿನ್ನ!”

ಬಾಗಿಲಿಗೆ ಬಂದ ಲೇಡಿ ಡಾಕ್ಟರು ಒಂದು ಮಾತೂ ಕೇಳಲಿಲ್ಲ. ಬಟ್ಟೆ ಸುತ್ತಿದ ಚಮಚ ಹಲ್ಲಿನ ನಡುವೆ ಹೋಯಿತು, ಸೂಜಿ ತೋಳಿಗೆ ಹೋಯಿತು, ಸತ್ಯವ್ವ ಕತ್ತಲೆ ಮಾಡಿದ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು.

ಮರುದಿನ ಬೆಳಿಗ್ಗೆ ಕೂಸು ಹುಟ್ಟಿತು. ಹೆಣ್ಣು. ಅಳಲಿಲ್ಲ, ಉಸಿರಾಡಲಿಲ್ಲ. ಸತ್ಯವ್ವ ಉಳಿದಳು, ಆದರೆ ಅರ್ಧಕ್ಕರ್ಧ ಉಳಿದಳು ಎನ್ನಬೇಕು.

“ಇನ್ನೂ ಗಂಡಾಂತರ ಕಳದಿಲ್ಲ,” ಎಂದರು ಲೇಡಿ ಡಾಕ್ಟರು ಹೊರಗೆ ಬಂದು. “ಮೈಮನಸು ಅಲುಗಬಾರದು. ಮತ್ತ ಸೆಟೆತ ಬಂದರ ನನ್ನ ಕೈಯಾಗಿಲ್ಲ. ಎಚ್ಚರಾದಾಗಿಂದ ಒಂದ ಕೇಳ್ತಾಳ, ನಮ್ಮವ್ವ ಎಲ್ಲೆ, ನನ್ನ ಜಡ್ಡು ತಗೊಂಡು ನಮ್ಮವ್ವ ಸತ್ತಳೇನು, ಅಂತ. ಹಾಲಿಗೆ ಬಾಯಿ ಮುಚ್ಚಿಬಿಡ್ತಾಳ. ತಾಯೀನ ಜಲ್ದಿ ಕಳಸ್ರಿ.”

ತಾಯಿ ಹಿತ್ತಲಿನ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಣಮಪ್ಪ ಕೂಸನ್ನು ಮಣ್ಣು ಮಾಡಲು ಹೋಗಿದ್ದ. ನೀರು ಕೊಟ್ಟರೆ ಭರಮವ್ವ ಮುಟ್ಟಲಿಲ್ಲ, ಕರೆದರೆ ತಿರುಗಲಿಲ್ಲ.

“ನಾ ಬರಂಗಿಲ್ರಿ. ನಾನ ಒದರಿದೆ. ಎಂಟ ತಿಂಗಳ ಮುಚ್ಚಿಟ್ಟಾಕಿ ಕಡೀಕ ನಾನ ಒದರಿದೆ, ಊರಿಗೆಲ್ಲ ಕೇಳೂವಂಗ. ಕೇಳಿಸ್ಕೊಂತು, ಕೂಸಿನ್ನ ಒಯ್ತು. ಈ ಮುಖಾ ತಗೊಂಡು ಮಗಳ ಮುಂದ ಹೋದ್ರ ಆಕಿನ್ನೂ ಒಯ್ತೈತಿ.”

ಬಿಂದುಮಾಧವರು ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತರು. “ಯವ್ವಾ, ಕೂಸು ನೀ ಒದರೂ ಮೊದಲನ ಹೊಟ್ಟಿಯೊಳಗನ ತೀರಿಹೋಗಿತ್ತು. ಮೂತ್ರಪಿಂಡ ಅಂತ ಇರ್ತಾವ, ಅವು ಕೆಟ್ಟರ...” ಅವರು ಪಾಪ, ತಮಗೆ ಗೊತ್ತಿದ್ದದ್ದನ್ನೆಲ್ಲ ಮೆತ್ತಗೆ ಹೇಳಿದರು. ಎಲ್ಲವೂ ಖರೆಯೇ. ಭರಮವ್ವ ಒಂದಕ್ಕೂ ಕಿವಿಗೊಡಲಿಲ್ಲ. ಹಣೆಯನ್ನು ಗೋಡೆಗೆ ಮೆಲ್ಲಗೆ ಬಡಿಯತೊಡಗಿದಳು.

ಕೋಣೆಯೊಳಗಿಂದ ಸತ್ಯವ್ವನ ಅಳು ಕೇಳಿಸಿತು. “ಅವ್ವಾ! ಅವ್ವಾ!” ಅದು ಏರುತ್ತ ಹೋಗುತ್ತಿತ್ತು.

ಕುಂದಾಳಿಗೆ ಯೋಚಿಸುವಷ್ಟು ಹೊತ್ತಿರಲಿಲ್ಲ. ಅವಳು ಭರಮವ್ವನ ಎದುರು ನೆಲದ ಮೇಲೆ ಕೂತಳು.

“ನೀ ಒದರೂಕಿಂತ ಮೊದಲ ನಾ ಹೇಳಿದ್ದೆ ಭರಮವ್ವಾ.”

ಹಣೆ ಬಡಿಯುವುದು ನಿಂತಿತು.

“ನಿಮ್ಮ ಮನಿಗೆ ಬಂದ ದಿನಾನ ಹೇಳಿದೆ. ಭಂಡಾರ ನನ್ನ ಕೈಯಾಗಿಂದು ಇನ್ನೂ ಹೋಗಿರಲಿಲ್ಲ. ಡಾಕ್ಟರ ಮುಂದ ನಿಂತು ಸತ್ಯವ್ವ ಬಸುರಿ ಅಂತ ಬಾಯಿ ಬಿಟ್ಟು ಹೇಳಿದೆ. ಮರುದಿನ ನೀ ಕೇಳಿದಾಗ ಇಲ್ಲ ಅಂದೆ, ಅದು ಸುಳ್ಳು. ಅದು ಕೇಳಿಸ್ಕೊಂಡದ್ದು ನನ್ನ ಮಾತು. ನೀ ಒದರಿದಾಗ ಎಲ್ಲಾ ಮುಗಿದಿತ್ತು. ನಿನ್ನ ನಾಲಿಗಿ ಮ್ಯಾಲ ಏನೂ ಇಲ್ಲ.”

“ಕುಂದಾಬಾಯಿ, ಏನಿದು ಮಾತು...” ಎಂದು ಡಾಕ್ಟರು ಏಳಹೋದರು. ಕುಂದಾ ಅವರ ಕಡೆ ತಿರುಗಿ ನೋಡಿದ ರೀತಿಗೆ ಮತ್ತೆ ಕೂತರು.

ಭರಮವ್ವ ನಿಧಾನಕ್ಕೆ ಗೋಡೆಯಿಂದ ಈಚೆ ತಿರುಗಿದಳು. ಅವಳ ಮುಖ ಮೊದಲು ಏನೂ ತಿಳಿಯದವಳ ಹಾಗಿತ್ತು. ಆಮೇಲೆ ಅದು ಉರಿಯಿತು. ಅವಳ ಕೈ ಕುಂದಾಳ ಕೆನ್ನೆಗೆ ಬಿದ್ದ ಸದ್ದಿಗೆ ಬಾವಿಯ ಹತ್ತಿರ ನೀರು ಸೇದುತ್ತಿದ್ದವಳು ಹಗ್ಗ ಬಿಟ್ಟಳು.

“ನೀನು! ದೇವರ ಭಂಡಾರ ಕೈಯಾಗ ಹಿಡದು! ನಿನ್ನ ನಂಬಿದೆನಲ್ಲ ನಾ! ನಿನ್ನ ನಾಲಿಗಿ ಸೇದಿ ಹೋಗಲಿ, ನಿನ್ನ ವಂಶ ಹಾಳಾಗಲಿ! ಹಡದು ಗೊತ್ತಿದ್ರ ತಿಳೀತಿತ್ತ ನಿನಗ! ಇನ್ನೊಮ್ಮಿ ಪಾರಿಶ್ವಾಡದಾಗ ಕಾಲಿಟ್ಟಿ ಅಂದ್ರ ನಾಯಿ ಬಿಡ್ತೀನಿ. ಓಣಿಗೆಲ್ಲ ಹೇಳ್ತೀನಿ, ಯಾರ ಮನೀ ಹೊಸ್ತಿಲಾನೂ ತುಳೀಗೊಡದಂಗ ಮಾಡ್ತೀನಿ!”

ಕುಂದಾ ಕೆನ್ನೆ ಮುಟ್ಟಿಕೊಳ್ಳಲಿಲ್ಲ, ತಲೆ ಎತ್ತಲಿಲ್ಲ. ಹಡೆದ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. ಬೈಗುಳ ಬೈಯುತ್ತ ಬೈಯುತ್ತ ಭರಮವ್ವನ ದನಿ ಒಡೆಯಿತು. ಅಷ್ಟು ಹೊತ್ತು ಕಲ್ಲಾಗಿ ಕೂತಿದ್ದವಳು ಸೆರಗು ಬಾಯಿಗೆ ತುರುಕಿಕೊಂಡು ಗಳಗಳನೆ ಅತ್ತಳು.

ಕೋಣೆಯಿಂದ ಮತ್ತೆ “ಅವ್ವಾ” ಎಂಬ ಕೂಗು ಬಂತು.

“ಬಂದ್ನೀ ನನ್ನವ್ವಾ! ಇಲ್ಲೇ ಅದೀನಿ! ಅಳಬ್ಯಾಡ, ಬಂದ್ನಿ!” ಭರಮವ್ವ ಎದ್ದಳು. ಮುಖ ಒರೆಸಿಕೊಂಡಳು, ಕೂದಲು ಹಿಂದಕ್ಕೆ ತಳ್ಳಿದಳು, ಕುಂದಾಳ ಪಕ್ಕದಿಂದಲೇ ಅವಳನ್ನು ನೋಡದೆ ದಾಟಿ ಓಡಿಹೋದಳು. ಸ್ವಲ್ಪ ಹೊತ್ತಿನಲ್ಲಿ ಒಳಗಿನ ಅಳು ಇಳಿಯಿತು. ಆಮೇಲೆ ನಿಂತೇಹೋಯಿತು, ತಾಯಿ ಮಗಳ ಪಿಸುಮಾತು ಮಾತ್ರ ಕೇಳುತ್ತಿತ್ತು.

“ಪಾರಿಶ್ವಾಡ ಒಂದ ಅಲ್ಲ ಕುಂದಾಬಾಯಿ,” ಎಂದರು ಬಿಂದುಮಾಧವರು. “ಕುರುಬರ ಮಾತು ಊರಿಂದ ಊರಿಗೆ ಹೋಗತದ. ಆ ಕಡಿ ಇನ್ನ ಯಾರೂ ನಿಮ್ಮನ್ನ ಒಳಗ ಬಿಟ್ಟಗೊಳ್ಳೂದಿಲ್ಲ.”

“ಗೊತ್ತದ,” ಎಂದಳು ಕುಂದಾ. ಕಟ್ಟೆಯ ಮೇಲೆ ಆಯಾ ಇಟ್ಟುಹೋಗಿದ್ದ ಹಾಲಿನ ಬಟ್ಟಲನ್ನು ಎತ್ತಿ ಡಾಕ್ಟರ ಕೈಗೆ ಕೊಟ್ಟಳು. “ನಿನ್ನಿ ಮುಂಜಾನಿಂದ ಭರಮವ್ವ ಹನಿ ನೀರು ಮುಟ್ಟಿಲ್ಲ. ನೀವು ಹೋಗಿ ಕುಡಸ್ರಿ ಡಾಕ್ಟರ್ರ. ನಾ ಕೊಟ್ಟರ ಕುಡಿಯೂದಿಲ್ಲ ಆಕಿ.”